ಬೀದಿಯ ಉಬ್ಬು, ತಗ್ಗಿದ ಕಾರು

ವಡೋದರೆಯಿಂದ (ಹಳಬರ ಬಾಯಲ್ಲಿ ಅದು ಇನ್ನೂ ಬರೋಡವೇ) ವಾಚಕರೊಬ್ಬರು ದೀರ್ಘವಾದ ಕಾಗದ ಬರೆದಿದ್ದಾರೆ. ಅವರ ಸುಪುತ್ರನು ಕಾರು ಕೊಂಡು ಮೂರು ತಿಂಗಳು ತುಂಬುವುದರೊಳಗೆ ಅದರ ಸ್ಪ್ರಿಂಗುಗಳನ್ನು ಬಿಚ್ಚಿಸಿ, ಗಿಡ್ಡನೆಯ ಬೇರೆ ಸ್ಪ್ರಿಂಗುಗಳನ್ನು ಹಾಕಿಸಿ, ಗಾಡಿಯನ್ನು ನೆಲಕ್ಕೆ ಹತ್ತಿರವಾಗಿ ಕೂರಿಸಿದ್ದಾನಂತೆ. ಹೊಂಚು ಹಾಕಿದ ಹುಲಿಯಂತೆ ಕಾಣುತ್ತದೆಂದು ಮಗನ ಮತ. ಕೆಸರಿನಲ್ಲಿ ಮಲಗಿದ ಎಮ್ಮೆಯಂತೆ ಕಾಣುತ್ತದೆಂದು ತಂದೆಯ ಮತ. ಹುಲಿಯಾಗಲಿ ಎಮ್ಮೆಯಾಗಲಿ, ಅವರ ಸೊಸೈಟಿಯ ಗೇಟಿನಿಂದ ಮನೆಯ ಬಾಗಿಲಿನವರೆಗೆ ಇರುವ ಮೂರು ರಸ್ತೆಯುಬ್ಬುಗಳಲ್ಲಿ ಪ್ರತಿಯೊಂದನ್ನು ದಾಟುವಾಗಲೂ ಅದರ ಹೊಟ್ಟೆ ಗರ್ರೆಂದು ನೆಲಕ್ಕೆ ಉಜ್ಜುತ್ತದೆ. ಆ ಸದ್ದಿಗೆ ಎರಡನೆಯ ಮಹಡಿಯ ಅಜ್ಜಿಯೊಬ್ಬರು ಎಚ್ಚರಗೊಂಡು, ಹುಡುಗ ಕ್ಷೇಮವಾಗಿ ಮನೆ ಸೇರಿದನೆಂದು ತಿಳಿದು ಮತ್ತೆ ಮಗ್ಗುಲಾಗುತ್ತಾರಂತೆ. "ಉಬ್ಬು ಒಡೆಸಬೇಕೆಂದು ಮಗ, ಸ್ಪ್ರಿಂಗು ಬದಲಿಸಬೇಕೆಂದು ನಾನು. ಯಾರದು ನ್ಯಾಯವೆಂದು ತಾವೇ ಬರೆಯಿರಿ" ಎಂಬುದು ಅವರ ಕೋರಿಕೆ.

ನ್ಯಾಯಸ್ಥಾನದಲ್ಲಿ ಕೂರುವುದಕ್ಕೆ ಮುಂಚೆ ಒಂದು ಮಾತು. ಕಾರು ತಗ್ಗುವುದಕ್ಕೆ ಪ್ರಾಯದ ಹುಡುಗನೇ ಬೇಕೆಂದಿಲ್ಲ. ನಮ್ಮಲ್ಲಿ ಬಹು ಮಂದಿ ಗೃಹಸ್ಥರ ಕಾರುಗಳು ಯಾರೂ ತಗ್ಗಿಸದೆಯೇ ತಗ್ಗಿರುತ್ತವೆ. ಮೇ ತಿಂಗಳ ರಜೆಗೆ ಊರಿಗೆ ಹೊರಟ ಕಾರನ್ನು ನೆನೆಸಿಕೊಳ್ಳಿ. ಒಳಗೆ ಐವರು, ಅವರ ಪೈಕಿ ಹಿಂದೆ ಕೂತ ಮೂವರು ಸುಖಜೀವಿಗಳು. ಹಿಂಬದಿಯ ಡಬ್ಬದಲ್ಲಿ ಎರಡು ದೊಡ್ಡ ಪೆಟ್ಟಿಗೆ, ಮನೆಮಂದಿಗೆಲ್ಲ ಹಂಚಲು ಸೂರತ್ತಿನ ಸೀರೆಗಳ ಗಂಟು, ಖಾಖರಾ ಗಾಂಠಿಯಾಗಳ ಡಬ್ಬಿ. ಇವೆಲ್ಲದರ ಬೆನ್ನಿಗೆ ಗ್ಯಾಸಿನ ಸಿಲಿಂಡರು. ಗುಜರಾತಿನಲ್ಲಿ ಸಿ.ಎನ್.ಜಿ. ಪಂಪುಗಳು ಹೇರಳವಾದ್ದರಿಂದ ನಾವು ಮನೆಗೊಂದರಂತೆ ಗ್ಯಾಸಿನ ಕಾರು ಇಟ್ಟುಕೊಂಡಿದ್ದೇವೆ. ಅರವತ್ತು ಲೀಟರು ಅಳತೆಯ ಉಕ್ಕಿನ ಸಿಲಿಂಡರೊಂದೇ ಖಾಲಿಯಾಗಿದ್ದಾಗಲೂ ಸುಮಾರು ಅರವತ್ತು ಕಿಲೋ ತೂಗುತ್ತದೆ. ಅಂದರೆ ಟಿಕೇಟಿಲ್ಲದ ಆರನೆಯ ಪ್ರಯಾಣಿಕನೊಬ್ಬ ಹಿಂದಿನ ಚಕ್ರಗಳ ಮೇಲೆ ಸದಾ ಕೂತಿದ್ದಾನೆಂದು ಲೆಕ್ಕ. ಕಾರಿನ ಅಂಗಡಿಯವರ ಹೊತ್ತಗೆಯಲ್ಲಿ ನೆಲಕ್ಕೂ ಹೊಟ್ಟೆಗೂ ನಡುವೆ ೧೬೫ ಮಿಲಿಮೀಟರು, ೧೭೦ ಮಿಲಿಮೀಟರು ಎಂದು ಅಚ್ಚಾಗಿರುತ್ತದಷ್ಟೆ. ಅದು ಬಹುಮಟ್ಟಿಗೆ ಯಾರೂ ಕೂರದ, ಏನೂ ಹೇರದ ಕಾರಿನ ಅಳತೆ. ಸಂಸಾರ ಹತ್ತಿ ಕೂತ ಮೇಲೆ ಮೂರು ನಾಲ್ಕು ಸೆಂಟಿಮೀಟರು ಇಳಿಯುವುದು ಸಾಮಾನ್ಯ. ಎಂಟು ಹತ್ತು ವರ್ಷ ದುಡಿದ ಸ್ಪ್ರಿಂಗಾದರೆ ಇನ್ನಷ್ಟು ಕುಗ್ಗಿರುತ್ತದೆ, ಯಜಮಾನನ ಸೊಂಟದ ಹಾಗೆಯೇ. ಆದ್ದರಿಂದ ಆ ವಡೋದರೆಯ ಹುಡುಗನ ಸಂಕಟವನ್ನು ನಾವು ನಗುತ್ತ ಕಳೆದುಬಿಡುವಂತಿಲ್ಲ.

ಈ ಉಬ್ಬಿಗೆ ಇಲ್ಲಿಯವರು 'ಬಂಪ್' ಎನ್ನುತ್ತಾರೆ. ನಮ್ಮ ಕಡೆ 'ಹಂಪ್'. ದಕ್ಷಿಣದಿಂದ ಬಂದ ಹೊಸಬರು ಆಟೋ ಚಾಲಕನಿಗೆ "ಮುಂದೆ ಹಂಪ್ ಇದೆ, ನಿಧಾನ" ಎಂದರೆ ಅವನು ಯಾವುದೋ ಊರಿನ ಹೆಸರೆಂದು ತಿಳಿದು ಮೀಟರು ನೋಡುತ್ತಾನೆ. ಇಂಗ್ಲೆಂಡಿನವರು ಇದನ್ನು 'ಮಲಗಿದ ಪೋಲೀಸಿನವ' ಎಂದು ಕರೆದರು. ಸಂಬಳ, ಸಮವಸ್ತ್ರ, ರಜೆ ಒಂದನ್ನೂ ಕೇಳದೆ ಹಗಲೂ ರಾತ್ರಿ ಕೆಲಸ ಮಾಡುವ ಪೋಲೀಸಿನವನು ಎಲ್ಲ ನಗರಸಭೆಗಳಿಗೂ ಪ್ರಿಯನಾದದ್ದರಲ್ಲಿ ಸೋಜಿಗವಿಲ್ಲ.

ಇವನ ಮೂಲಪುರುಷರಲ್ಲಿ ಒಬ್ಬರು ದೊಡ್ಡ ಭೌತವಿಜ್ಞಾನಿ ಎಂದರೆ ವಾಚಕರಿಗೆ ಆಶ್ಚರ್ಯವಾದೀತು. ಅಮೆರಿಕದ ಆರ್ಥರ್ ಕಾಂಪ್ಟನ್ನರು ೧೯೨೭ರಲ್ಲಿ ನೊಬೆಲ್ ಪಾರಿತೋಷಕ ಪಡೆದವರು. ಎಕ್ಸ್ ಕಿರಣಗಳು ಎಲೆಕ್ಟ್ರಾನಿಗೆ ಬಡಿದು ಚದರುವ ಪರಿಯನ್ನು ತೋರಿಸಿದವರು. ಸೇಂಟ್ ಲೂಯಿಯ ವಾಷಿಂಗ್‌ಟನ್ ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಅವರು, ಅಲ್ಲಿಯ ದಾರಿಯಲ್ಲಿ ಮೋಟಾರುಗಳು ಓಡುವ ವೇಗವನ್ನು ಕಂಡು ೧೯೫೩ರಲ್ಲಿ ಉಬ್ಬುಗಳನ್ನು ರೂಪಿಸಿದರು. ಕಿರಣಕ್ಕೆ ಅಡ್ಡಬಂದ ಕಣವನ್ನು ಬಲ್ಲವರಿಗೆ ಕಾರಿಗೆ ಅಡ್ಡಬರುವ ಗುಡ್ಡೆಯೇನು ಮಹಾ ಎನ್ನಬಹುದು. ಆದರೆ ಈ ಗುಡ್ಡೆಯ ಸರಿಯಾದ ಅಳತೆ ಯಾವುದೆಂಬುದು ತಿಳಿಯಲು ಇನ್ನೂ ಇಪ್ಪತ್ತು ವರ್ಷ ಹಿಡಿಯಿತು. ಬ್ರಿಟನ್ನಿನ ಸರಕಾರೀ ರಸ್ತೆ ಸಂಶೋಧನಾಲಯದಲ್ಲಿ ವಾಟ್ಸ್ ಎಂಬವರು ನಾನಾ ಆಕಾರದ ಉಬ್ಬುಗಳನ್ನು ಮಾಡಿಸಿ, ನಾನಾ ಬಗೆಯ ವಾಹನಗಳನ್ನು ಅವುಗಳ ಮೇಲೆ ಓಡಿಸಿ, ೧೯೭೩ರಲ್ಲಿ ತಮ್ಮ ವರದಿಯನ್ನು ಹೊರಗಿಟ್ಟರು. ಹನ್ನೆರಡು ಅಡಿ ಅಗಲ, ನಾಲ್ಕು ಅಂಗುಲ ಎತ್ತರದ, ಬೆನ್ನು ದುಂಡಗಿರುವ ಉಬ್ಬು ಉತ್ತಮವೆಂದು ಅದರಿಂದ ಹೊರಟಿತು. ನಮ್ಮ ದೇಶದ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸು (ಕಾಂಗ್ರೆಸ್ ಎಂದೊಡನೆ ಚುನಾವಣೆಯ ಮಾತೆಂದು ತಿಳಿಯಬೇಡಿ, ಇದು ೧೯೩೪ರಿಂದ ಇರುವ ರಸ್ತೆ ಎಂಜಿನಿಯರರ ಸಂಸ್ಥೆ) ೧೯೮೮ರಲ್ಲಿ ಪ್ರಕಟಿಸಿದ ಸೂಚನೆಗಳಲ್ಲಿಯೂ ಅದೇ ಅಳತೆಯುಂಟು: ಅಗಲ ೩.೭ ಮೀಟರು, ನಡುವಿನ ಎತ್ತರ ೧೦ ಸೆಂಟಿಮೀಟರು, ದಾಟುವ ವೇಗ ಗಂಟೆಗೆ ೨೫ ಕಿಲೋಮೀಟರು. ಮೇಲೆ ಕಪ್ಪು ಬಿಳುಪಿನ ಬಣ್ಣ. ೪೦ ಮೀಟರು ಮುಂಚೆ ಎಚ್ಚರಿಕೆಯ ಹಲಗೆ. ೨೦೧೮ರಲ್ಲಿ ಆ ಸೂಚನೆಗಳನ್ನು ಪರಿಷ್ಕರಿಸಿ ಮತ್ತೆ ಹೊರತಂದರು.

ಇಲ್ಲಿ 'ಅಗಲ' ಎಂದರೆ ಕಾರು ಹೋಗುವ ದಿಕ್ಕಿನಲ್ಲಿ ಉಬ್ಬು ಎಷ್ಟು ದೂರ ಹರಡಿದೆ ಎಂಬುದು. ಹತ್ತು ಸೆಂಟಿಮೀಟರೆಂಬ ಎತ್ತರವನ್ನು ಜನ ಜ್ಞಾಪಕದಲ್ಲಿಟ್ಟುಕೊಳ್ಳುತ್ತಾರೆ, ೩.೭ ಮೀಟರನ್ನು ಮರೆಯುತ್ತಾರೆ. ಎಲ್ಲ ಗುಟ್ಟೂ ಇರುವುದು ಆ ಮರೆತ ಅಂಕಿಯಲ್ಲೇ. ಸ್ವಲ್ಪ ಗಣಿತ ಮಾಡೋಣ; ಹೈಸ್ಕೂಲಿನ ಮಕ್ಕಳಿರುವ ಮನೆಗಳಲ್ಲಿ ಅವರ ಕೈಯಲ್ಲೇ ಮಾಡಿಸಬಹುದು. ಸರಿಯಾದ ಉಬ್ಬೆಂಬುದು ೧೭ ಮೀಟರು ತ್ರಿಜ್ಯದ ದೊಡ್ಡ ವೃತ್ತದಿಂದ ಕೊಯ್ದು ತೆಗೆದ ಒಂದು ಸಿಪ್ಪೆ. ಸಾಧಾರಣ ಕಾರಿನ ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವೆ ಎರಡೂವರೆ ಮೀಟರು. ಉಬ್ಬಿನ ಅಗಲ ಅದಕ್ಕಿಂತ ಹೆಚ್ಚಾದ್ದರಿಂದ ಕಾರು ನೆತ್ತಿಯ ಮೇಲೆ ಬಂದಾಗ ನಾಲ್ಕು ಚಕ್ರಗಳೂ ಉಬ್ಬಿನ ಮೇಲೆಯೇ ಹತ್ತಿ ನಿಂತಿರುತ್ತವೆ. ಕಾರೇ ಎತ್ತರಕ್ಕೆ ಬಂದಿರುತ್ತದೆ. ಆಗ ನಡುವೆ ಹೊಟ್ಟೆಗೆ ಎದುರಾಗಿ ಮೇಲೆದ್ದ ಭಾಗ ಎಷ್ಟು? ಐದು ಸೆಂಟಿಮೀಟರಿಗಿಂತಲೂ ಕಡಿಮೆ. ಹುಲಿಯಂತೆ ಹೊಂಚು ಹಾಕಿದ ಕಾರು ಕೂಡ ನೆಲದಿಂದ ಹತ್ತು ಹನ್ನೊಂದು ಸೆಂಟಿಮೀಟರು ಮೇಲಿರುವುದರಿಂದ, ಅದರ ಹೊಟ್ಟೆಗೆ ತಾಕುವುದೇ ಇಲ್ಲ.

ಇನ್ನು ನಮ್ಮ ಬೀದಿಗಳಲ್ಲಿ ರಾತ್ರೋರಾತ್ರಿ ಹುಟ್ಟುವ ಉಬ್ಬನ್ನು ನೋಡಿ. ಒಂದು ಅಡಿಯೋ ಒಂದೂವರೆ ಅಡಿಯೋ ಅಗಲ, ಆರು ಅಂಗುಲ ಎತ್ತರ. ರಸ್ತೆಗೆ ಅಡ್ಡಲಾಗಿ ಒನಕೆ ಮಲಗಿಸಿದಂತೆ. ಮುಂದಿನ ಚಕ್ರ ಹತ್ತಿ ಇಳಿದು ಆ ಕಡೆ ನೆಲ ಮುಟ್ಟಿರುತ್ತದೆ, ಹಿಂದಿನ ಚಕ್ರ ಈ ಕಡೆ ನೆಲದಲ್ಲೇ ಇರುತ್ತದೆ, ನಡುವೆ ಹದಿನೈದು ಸೆಂಟಿಮೀಟರಿನ ಒನಕೆ ಪೂರ್ತಿಯಾಗಿ ಹೊಟ್ಟೆಗೆ ಎದುರು ನಿಲ್ಲುತ್ತದೆ. ಇಲ್ಲಿ ಮಗನ ತಗ್ಗಿಸಿದ ಕಾರೇನು, ಸಂಸಾರ ತುಂಬಿದ ತಂದೆಯ ಕಾರೂ ಉಜ್ಜದೆ ಹೋಗದು.

ಹಾಗಾದರೆ ಒನಕೆಯಿಂದ ಕಾರಿಗೆ ತೊಂದರೆಯಾದರೂ ಮಕ್ಕಳಿಗೆ ಕ್ಷೇಮವಲ್ಲವೆ, ಎತ್ತರವಿದ್ದಷ್ಟೂ ವೇಗ ಕುಗ್ಗುವುದಲ್ಲವೆ ಎಂದು ಕೇಳುವವರುಂಟು. ಅಹಮದಾಬಾದಿನಲ್ಲಿ ಸಾಬರಮತಿಯ ಪಶ್ಚಿಮಕ್ಕಿರುವ ಒಂದು ಸೊಸೈಟಿಯ ಸಭೆಯಲ್ಲಿ ಈ ಪ್ರಶ್ನೆ ಎದ್ದಾಗ ನಾನೂ ಅಲ್ಲಿದ್ದೆ. ಸೊಸೈಟಿಯ ಹೆಸರು ಬೇಡ. ಅಲ್ಲಿ ಏಳು ವರ್ಷದ ಒಬ್ಬ ಹುಡುಗನಿಗೆ ಸ್ಕೂಟರು ತಗಲಿ ಕೈ ಮುರಿದಿತ್ತು. ಮಾರನೆಯ ದಿನವೇ ಕಮಿಟಿಯವರು ಯಾವುದೋ ಮನೆಯ ಕಟ್ಟಡಕ್ಕೆಂದು ತಂದು ಉಳಿದಿದ್ದ ಜಲ್ಲಿ ಸಿಮೆಂಟಿನಿಂದ ಮೂರು ಕಡೆ ಒನಕೆಗಳನ್ನು ಎಬ್ಬಿಸಿಬಿಟ್ಟರು. ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದು, ಅದರಲ್ಲಿ ಸಂದೇಹವಿಲ್ಲ. ಒಂದು ತಿಂಗಳಲ್ಲಿ ಕಾರಿನವರ ದೂರು ಹೊರಟಿತು, ಸಭೆ ಸೇರಿತು. ಕಾರಿನವರೊಬ್ಬರು ತಮ್ಮ ಕಾರಿನ ಎಣ್ಣೆಯ ತೊಟ್ಟಿ ಸೀಳಿದ್ದನ್ನು ಸವಿಸ್ತಾರವಾಗಿ ವರ್ಣಿಸುತ್ತಿರುವಾಗ ಆ ಹುಡುಗನ ತಾಯಿ ಎದ್ದು ನಿಂತು, "ಗಾಡಿ ಪಹೇಲೀ ಕೆ ಛೋಕ್ರುಂ ಪಹೇಲುಂ?" ಎಂದು ಒಂದೇ ಮಾತು ಕೇಳಿದರು. ಗಾಡಿ ಮೊದಲೋ ಮಗು ಮೊದಲೋ? ಸಭೆ ತಣ್ಣಗಾಯಿತು. ಅದಕ್ಕೆ ಯಾರು ತಾನೆ ಉತ್ತರ ಹೇಳಿಯಾರು? ಈ ಪಟ್ಟಣದಲ್ಲಿ ೨೦೨೩ರ ಜುಲೈ ೨೦ರ ನಡುರಾತ್ರಿ ಕಳೆದ ಮೇಲೆ, ಇಸ್ಕಾನ್ ಮೇಲುಸೇತುವೆಯ ಮೇಲೆ ಒಂದು ಅಪಘಾತದ ಬಳಿ ನೆರೆದಿದ್ದ ಜನರ ಮೇಲೆ ಅತಿ ವೇಗದ ಕಾರೊಂದು ನುಗ್ಗಿ ಒಂಬತ್ತು ಮಂದಿ ಸತ್ತದ್ದು ಎಲ್ಲ ತಾಯಂದಿರಿಗೂ ನೆನಪಿದೆ. ವೇಗವೆಂದರೆ ಅವರಿಗೆ ಬರಿಯ ಮಾತಲ್ಲ.

ಉತ್ತರ ಹೇಳಿದವರು ಕಾರೇ ಇಲ್ಲದ ಒಬ್ಬ ವೃದ್ಧರು, ನಿವೃತ್ತ ಓವರ್‌ಸಿಯರು. ಅವರು ದಿನವೂ ಸಂಜೆ ತಮ್ಮ ಮನೆಯ ಓಟ್ಲೆಯ ಮೇಲೆ ಕೂತು ರಸ್ತೆಯನ್ನೇ ನೋಡುತ್ತಿದ್ದವರು. ಕಾರುಗಳೇನೋ ಒನಕೆಯ ಬಳಿ ಆಮೆಯಂತೆ ನಡೆಯುತ್ತವೆ; ಆದರೆ ಸ್ಕೂಟರುಗಳು? ಉಬ್ಬಿನ ಕೊನೆಗೂ ಕಾಂಪೌಂಡಿನ ಗೋಡೆಗೂ ನಡುವೆ ನೀರು ಹೋಗಲೆಂದು ಬಿಟ್ಟಿದ್ದ ಒಂದು ಮೊಳದ ಸಂದಿನಲ್ಲಿ ಅವು ಮೊದಲಿನ ವೇಗದಲ್ಲೇ ತೂರುತ್ತಿದ್ದವು. ಮಕ್ಕಳು ನಡೆಯುವುದೂ ಅದೇ ಗೋಡೆಯ ಪಕ್ಕದಲ್ಲಿ. ಹುಡುಗನಿಗೆ ತಗಲಿದ್ದು ಸ್ಕೂಟರೇ ಹೊರತು ಕಾರಲ್ಲ ಎಂದು ಅವರು ನಮಗೆಲ್ಲ ನೆನಪು ಮಾಡಿಕೊಟ್ಟರು. ಮೇಲಾಗಿ ಗಿಡ್ಡ ಉಬ್ಬಿನದೊಂದು ಕಪಟವಿದೆ, ಅದನ್ನೂ ಹೇಳಿದರು. ಅದರ ಮೇಲೆ ನಿಧಾನವಾಗಿ ಹೋದವನಿಗೆ ಕುಲುಕು. ನುಗ್ಗಿ ಹೋದರೆ ಚಕ್ರ ಮಾತ್ರ ಹಾರಿ ಬಿದ್ದು, ಸ್ಪ್ರಿಂಗು ಪೆಟ್ಟನ್ನು ನುಂಗಿ, ಒಳಗೆ ಕೂತವನಿಗೆ ಕೆಲವು ವಾಹನಗಳಲ್ಲಿ ಕಡಿಮೆಯೇ ತಿಳಿಯುತ್ತದೆ. ಅಗಲದ ಉಬ್ಬಿನಲ್ಲಿ ಹಾಗಲ್ಲ. ವೇಗ ಹೆಚ್ಚಿದಷ್ಟೂ ಮೈಯೆಲ್ಲ ಎತ್ತಿ ಹಾಕುತ್ತದೆ. ವಾಟ್ಸರ ಹನ್ನೆರಡು ಅಡಿಯ ಅರ್ಥ ಇದೇ. ಮೆಲ್ಲಗೆ ಹೋಗುವವನಿಗೆ ಮೃದುವಾಗಿ, ಓಡುವವನಿಗೆ ಕಠಿನವಾಗಿ ನಡೆದುಕೊಳ್ಳುವ ಉಬ್ಬು ಅದು. ಕಾರಿನ ಹೊಟ್ಟೆಗೆ ಒಳ್ಳೆಯದಾದ ಉಬ್ಬೇ ಮಗುವಿಗೂ ಒಳ್ಳೆಯದು. ಎರಡಕ್ಕೂ ಜಗಳವೇ ಇಲ್ಲ ಎಂದು ಅವರು ಕೂತರು.

ಆ ತಾಯಿ ಒಪ್ಪಿದರೆ? ಆ ದಿನ ಒಪ್ಪಲಿಲ್ಲ. ಮುಂದಿನ ಸಭೆಗೂ ಒಪ್ಪಲಿಲ್ಲ. ಮೂರನೆಯ ಸಭೆಯಲ್ಲಿ, ಮೊದಲು ಒಂದನ್ನು ಮಾತ್ರ ಬದಲಿಸಿ, ಗೋಡೆಯಿಂದ ಗೋಡೆಗೆ ಅಂಚು ಇಳಿಜಾರಾಗಿ ಮಾಡಿ, ಸ್ಕೂಟರು ತೂರುವ ಸಂದಿನಲ್ಲಿ ಕಲ್ಲಿನ ಗೂಟ ನಿಲ್ಲಿಸಿ ನೋಡೋಣವೆಂದರು. ಹಾಗೆಯೇ ಆಯಿತು. ಎರಡು ತಿಂಗಳು ಬಾಲ್ಕನಿಯಿಂದ ಸ್ವತಃ ಪರೀಕ್ಷೆ ಮಾಡಿ, ಉಳಿದೆರಡನ್ನೂ ಹಾಗೇ ಮಾಡಿ ಎಂದು ಅವರೇ ಹೇಳಿ ಕಳಿಸಿದರು. ಇನ್ನೊಂದು ಸಂಗತಿಯೂ ಈ ನಡುವೆ ನಡೆದಿತ್ತು. ಅದೇ ಬೀದಿಯ ಬೆನ್ನುಹುರಿಯ ಶಸ್ತ್ರಕ್ರಿಯೆಯಾದ ಮುದುಕಿಯೊಬ್ಬರನ್ನು ೧೦೮ರ ಗಾಡಿಯಲ್ಲಿ ಕರೆದೊಯ್ಯುವಾಗ ಒನಕೆಗಳ ಮೇಲೆ ಅವರು ಪಟ್ಟ ನೋವಿನ ಕೂಗು ಸೊಸೈಟಿಗೆಲ್ಲ ಕೇಳಿಸಿತ್ತು.

ನಮ್ಮವರಲ್ಲಿ ಅನೇಕರು ಇಂತಹ ಸಭೆಗಳಿಗೆ ಹೋಗುವುದಿಲ್ಲ. ನಾವು ಪರಸ್ಥಳದವರು, ನೌಕರಿಗೆ ಬಂದವರು, ಇಂದೋ ನಾಳೆಯೋ ಊರಿಗೆ ಹೋಗುವವರು, ನಮಗೇಕೆ ಇವರ ರಸ್ತೆಯ ಚಿಂತೆ ಎಂಬ ಭಾವನೆ. ಹೀಗೆನ್ನುತ್ತಲೇ ಮೂವತ್ತು ವರ್ಷ ಅದೇ ರಸ್ತೆಯಲ್ಲಿ ಓಡಾಡಿ ಮಗಳ ಮದುವೆಯನ್ನೂ ಇಲ್ಲೇ ಮಾಡಿರುತ್ತೇವೆ. ಸೊಸೈಟಿಯ ಒಳರಸ್ತೆ ಸೊಸೈಟಿಯದೇ. ಅದರ ಉಬ್ಬಿನ ವಿಷಯದಲ್ಲಿ ಕಮಿಟಿಗೆ ಹೇಳಿದರೆ ಸಾಕು, ಅಲ್ಲಿ ನಮಗೂ ಒಂದು ಓಟಿದೆ. ಹೊರಗಿನ ಸಾರ್ವಜನಿಕ ರಸ್ತೆಯಾದರೆ ಮಹಾನಗರಪಾಲಿಕೆಯದು. ಅಲ್ಲಿ ನಾವಾಗಿ ಉಬ್ಬು ಹಾಕುವಂತೆಯೂ ಇಲ್ಲ, ಒಡೆಯುವಂತೆಯೂ ಇಲ್ಲ; ವಾರ್ಡಿನ ಕಚೇರಿಗೆ ಬರೆದು ಕೊಡಬೇಕು. ಬರೆಯುವಾಗ "ಬಹಳ ಎತ್ತರವಿದೆ" ಎಂದು ಬರೆಯುವುದಕ್ಕಿಂತ "ಅಗಲ ೪೦ ಸೆಂಟಿಮೀಟರು, ಎತ್ತರ ೧೫ ಸೆಂಟಿಮೀಟರು" ಎಂದು ಬರೆದರೆ ಎಂಜಿನಿಯರನಿಗೆ ತಪ್ಪಿಸಿಕೊಳ್ಳಲು ದಾರಿ ಕಡಿಮೆ.

ಅಳೆಯುವುದು ಕಷ್ಟವಲ್ಲ. ಉಬ್ಬಿನ ಎರಡು ಪಕ್ಕದ ಸಮನೆಲದಲ್ಲಿ ಎರಡೆರಡು ಇಟ್ಟಿಗೆಗಳನ್ನು ಒಂದರ ಮೇಲೊಂದಿಟ್ಟು, ಅವುಗಳ ಮೇಲೆ ದಾರವನ್ನು ಬಿಗಿಯಾಗಿ ಎಳೆದು ಹಿಡಿಯಿರಿ. ದಾರಕ್ಕೂ ಉಬ್ಬಿನ ನೆತ್ತಿಗೂ ನಡುವಣ ಅಂತರವನ್ನು ಇಟ್ಟಿಗೆಗಳ ಎತ್ತರದಿಂದ ಕಳೆದರೆ ಉಬ್ಬಿನ ಎತ್ತರ ಸಿಕ್ಕಿತು. ಕಾರಿನದನ್ನು ಅಳೆಯಲು ಸಂಸಾರವನ್ನೆಲ್ಲ ಒಳಗೆ ಕೂರಿಸಿ, ಒಂದು ರಟ್ಟಿನ ಪಟ್ಟಿಯನ್ನು ನೆಟ್ಟಗೆ ನಿಲ್ಲಿಸಿ, ಹೊಟ್ಟೆಯ ಅಡಿಯಲ್ಲಿ ತಾಕದೆ ತೂರುವವರೆಗೂ ಸ್ವಲ್ಪ ಸ್ವಲ್ಪವೇ ಕತ್ತರಿಸುತ್ತ ಬನ್ನಿ. ಭಾನುವಾರ ಬೆಳಗ್ಗೆ ಇದನ್ನು ಮಾಡಿದರೆ ಸೊಸೈಟಿಯ ಮಕ್ಕಳೆಲ್ಲ ಸುತ್ತ ನೆರೆದು, ನಿಮಗೆ ಬೇಡದಷ್ಟು ಸಹಾಯ ಮಾಡುತ್ತಾರೆ.

ಉಬ್ಬು ಸರಿಹೋಗುವವರೆಗೆ ದಾಟುವ ಕ್ರಮ ಹೇಗೆ? ಬಹು ಮಂದಿ ಉಬ್ಬಿನ ನೆತ್ತಿಯವರೆಗೂ ಬ್ರೇಕು ಒತ್ತಿಕೊಂಡೇ ಹೋಗುತ್ತಾರೆ. ಬ್ರೇಕು ಹಿಡಿದಾಗ ಕಾರಿನ ಮೂಗು ಕೆಳಗೆ ಬಾಗುತ್ತದೆ. ತಗ್ಗಿದ ಕಾರು ಇನ್ನೂ ತಗ್ಗಿ ನಮಸ್ಕಾರ ಮಾಡುತ್ತ ಹೋಗಿ ಬಡಿಯುತ್ತದೆ. ಉಬ್ಬಿಗೆ ಮೊದಲೇ ವೇಗ ಇಳಿಸಿ, ಚಕ್ರ ಮುಟ್ಟುವ ಮುಂಚೆ ಬ್ರೇಕಿನಿಂದ ಕಾಲು ತೆಗೆದು, ಮೊದಲನೆಯ ಗೇರಿನಲ್ಲಿ ಉರುಳಲು ಬಿಡಬೇಕು. ಇಳಿಯುವಾಗಲೂ ಅಷ್ಟೇ, ಮುಂದಿನ ಚಕ್ರ ಇಳಿಯಿತೆಂದು ಆತುರದಿಂದ ಗ್ಯಾಸು ಕೊಟ್ಟರೆ ಹಿಂಭಾಗ ಕುಕ್ಕುತ್ತದೆ, ಸಿಲಿಂಡರು ಇರುವುದೂ ಅಲ್ಲೇ. ರಸ್ತೆ ಅಗಲವಾಗಿದ್ದು ಹಿಂದೆ ಮುಂದೆ ಯಾರೂ ಇಲ್ಲದಿದ್ದರೆ ಓರೆಯಾಗಿ ದಾಟುವುದು ಒಳ್ಳೆಯದು. ಒಂದೊಂದೇ ಚಕ್ರ ಹತ್ತಿ ಇಳಿಯುವುದರಿಂದ ಯಾವಾಗಲೂ ಒಂದು ಚಕ್ರವಾದರೂ ಕಾರನ್ನು ಮೇಲಕ್ಕೆ ಎತ್ತಿ ಹಿಡಿದಿರುತ್ತದೆ. ಆದರೆ ಸೂರತ್ತಿನ ವರಾಛಾ ರಸ್ತೆಯಂತಹ ಕಡೆ, ವಜ್ರದ ಕಾರ್ಖಾನೆಗಳು ಬಿಡುವ ಹೊತ್ತಿನಲ್ಲಿ ಓರೆಯಾಗಿ ದಾಟುತ್ತೇನೆಂದು ಹೊರಟರೆ ಹತ್ತು ಮೋಟರ್‌ಸೈಕಲುಗಳು ಏಕಕಾಲದಲ್ಲಿ ನಿಮ್ಮ ಬಾಗಿಲಿಗೆ ಬಂದಾವು.

ಇಷ್ಟಾದರೂ ಉಜ್ಜುವ ಹಾಗಿದ್ದರೆ ಹಿಂದೆ ಕೂತವರನ್ನು ಇಳಿಸುವುದೊಂದೇ ಉಪಾಯ. ಇದರಲ್ಲಿ ಅವಮಾನವೇನೂ ಇಲ್ಲ. ನಮ್ಮ ಹಿರಿಯರು ಘಾಟಿಯ ಏರಿನಲ್ಲಿ ಗಾಡಿಯಿಂದ ಇಳಿದು ಎತ್ತುಗಳೊಂದಿಗೆ ನಡೆಯುತ್ತಿರಲಿಲ್ಲವೆ? ಮೂವರು ಇಳಿದರೆ ಹಿಂಭಾಗ ಕೂಡಲೇ ಎರಡು ಮೂರು ಸೆಂಟಿಮೀಟರು ಏಳುತ್ತದೆ. ಭಾರದ ಪೆಟ್ಟಿಗೆಗಳನ್ನೆಲ್ಲ ಹಿಂದೆ ತುಂಬದೆ ಒಂದೆರಡನ್ನು ಮುಂದಿನ ಆಸನದ ಹಿಂದೆ ಕಾಲಿನ ಬಳಿ ಇಟ್ಟರೂ ಪ್ರಯೋಜನವುಂಟು.

ಗರ್ರೆಂದ ಸದ್ದು ಕೇಳಿದ ಮೇಲೆ ಅಡಿಯಲ್ಲಿ ಒಮ್ಮೆ ಬಗ್ಗಿ ನೋಡತಕ್ಕದ್ದು. ಕೆಳಗಿರುವುದು ಬರಿಯ ತಗಡಲ್ಲ: ಎಂಜಿನ್ನಿನ ಎಣ್ಣೆಯ ತೊಟ್ಟಿ, ಹೊಗೆಯ ಕೊಳವೆ, ಗ್ಯಾಸಿನ ಕಾರಾದರೆ ಸಿಲಿಂಡರಿನಿಂದ ಎಂಜಿನ್ನಿಗೆ ಹೋಗುವ ಒತ್ತಡದ ಕೊಳವೆ, ಈಚಿನ ವಿದ್ಯುತ್ ಕಾರುಗಳಲ್ಲಿ ಅಮೂಲ್ಯವಾದ ಬ್ಯಾಟರಿ. ಬೆಳಗ್ಗೆ ಕಾರು ನಿಂತ ಜಾಗದಲ್ಲಿ ಕರಿಯ ಚುಕ್ಕಿಗಳು ಬಿದ್ದಿದ್ದರೆ ಅದು ರಂಗೋಲಿಯಲ್ಲ, ಎಣ್ಣೆ ಸೋರುತ್ತಿದೆಯೆಂದರ್ಥ. ಎಣ್ಣೆಯ ಕೆಂಪು ದೀಪ ಹತ್ತಿದರಂತೂ ಇನ್ನೊಂದು ಫರ್ಲಾಂಗು ಹೋಗೋಣವೆನ್ನದೆ ಅಲ್ಲಿಯೇ ಎಂಜಿನ್ನು ನಿಲ್ಲಿಸಬೇಕು. ಗ್ಯಾಸಿನ ವಾಸನೆ ಬಂದರೆ ಸಿಲಿಂಡರಿನ ಕೈತಿರುಪು ಮುಚ್ಚಿ, ಎಲ್ಲರೂ ಇಳಿದು ದೂರ ನಿಂತು, ಬಲ್ಲವರನ್ನು ಕರೆಸುವುದು. ಸಿಲಿಂಡರನ್ನು ಮೂರು ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಬೇಕೆಂಬ ನಿಯಮವಿದೆ; ಆಗ ಕೊಳವೆಯನ್ನೂ ನೋಡಿಸಿಕೊಳ್ಳಿ.

ಈ ಅಂಕಣದಲ್ಲಿ ಕಾರಿನ ಮಾತೇ ಹೆಚ್ಚಾಯಿತು. ಉಬ್ಬಿನಿಂದ ಪ್ರಾಣಕ್ಕೇ ಕುತ್ತು ಬರುವುದು ಕಾರಿನವರಿಗಲ್ಲ, ದ್ವಿಚಕ್ರದವರಿಗೆ. ಅದರಲ್ಲಿಯೂ ಹಿಂದೆ ಒಂದೇ ಪಕ್ಕಕ್ಕೆ ಕಾಲು ಹಾಕಿ, ಒಂದು ಕೈಯಲ್ಲಿ ಮಗುವನ್ನೋ ಚೀಲವನ್ನೋ ಹಿಡಿದು ಕೂತ ಹೆಂಗಸರಿಗೆ. ಬಣ್ಣ ಬಳಿಯದ ಉಬ್ಬು ರಾತ್ರಿ ಕಾಣುವುದಿಲ್ಲ. ಸ್ಕೂಟರು ಹಾರುತ್ತದೆ, ಹಿಂದೆ ಕೂತವರು ಬೀಳುತ್ತಾರೆ, ತಲೆಗೆ ಪೆಟ್ಟಾಗುತ್ತದೆ. ಕೇಂದ್ರ ಸರಕಾರದ ಲೆಕ್ಕದಂತೆ ೨೦೧೪ರ ಒಂದೇ ವರ್ಷದಲ್ಲಿ ರಸ್ತೆಯುಬ್ಬುಗಳ ದೆಸೆಯಿಂದ ದೇಶದಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಜನ ಸತ್ತರು. ಪ್ರಾಣ ಉಳಿಸಲೆಂದು ಹಾಕಿದ ಉಬ್ಬಿನಿಂದ ಇಷ್ಟು ಪ್ರಾಣ! ಒಂದು ಡಬ್ಬಿ ಬಣ್ಣದ ಬೆಲೆ ಎಷ್ಟು ಮಹಾ? ಸೊಸೈಟಿಯ ಒಳಗಾದರೆ ದೀಪಾವಳಿಗೆ ಗೇಟಿಗೆ ಬಣ್ಣ ಬಳಿಸುವಾಗ ಉಳಿದದ್ದನ್ನು ಉಬ್ಬಿಗೂ ಬಳಿಸಬಹುದು. ಈಚೆಗೆ ಹಲವು ಕಡೆ ಮೊಳೆ ಹೊಡೆದು ಕೂರಿಸುತ್ತಿರುವ ಕಪ್ಪು ಹಳದಿಯ ರಬ್ಬರಿನ ಉಬ್ಬುಗಳು ಬಣ್ಣದ ಮಟ್ಟಿಗೆ ಉತ್ತಮವೇ. ಆದರೆ ಒಂದೆರಡು ತುಂಡು ಕಿತ್ತುಹೋದ ಮೇಲೆ ಮೊಳೆಗಳು ಮಾತ್ರ ನೆಟ್ಟಗೆ ನಿಂತು ಟೈರುಗಳಿಗಾಗಿ ಕಾಯುತ್ತವೆ.

ಬಣ್ಣದ ಮಾತು ಬಂದದ್ದರಿಂದ ಅಹಮದಾಬಾದಿನ ಇಬ್ಬರು ಕಲಾವಿದೆಯರನ್ನು ನೆನೆಯಬೇಕು. ಶಕುಂತಲಾ ಪಾಂಡ್ಯ ಮತ್ತು ಅವರ ಮಗಳು ಸೌಮ್ಯಾ ಪಾಂಡ್ಯ ಠಕ್ಕರ್ ಅವ್ವೆಮಗಳಿಬ್ಬರೂ ಸೇರಿ, ರಸ್ತೆಯ ಮೇಲೆ ಕಲ್ಲಿನ ದಿಮ್ಮಿಗಳು ಗಾಳಿಯಲ್ಲಿ ತೇಲುತ್ತಿವೆಯೋ ಎಂಬಂತೆ ದೂರದವರಿಗೆ ಕಾಣುವ ದಾಟುಪಟ್ಟೆಗಳನ್ನು ಚಿತ್ರಿಸಿದರು. ೨೦೧೬ರಲ್ಲಿ ಅದರ ಚಿತ್ರಗಳು ದೇಶದೇಶಗಳ ಪತ್ರಿಕೆಗಳಲ್ಲಿ ಬಂದವು. ಚಾಲಕನು ದಿಮ್ಮಿಯೆಂದು ಹೆದರಿ ವೇಗ ಇಳಿಸುತ್ತಾನೆ, ಹತ್ತಿರ ಬಂದರೆ ಬರಿಯ ಬಣ್ಣ. ಎಷ್ಟು ತಗ್ಗಿದ ಕಾರಿಗೂ ಇದರಿಂದ ಗೀರು ಬೀಳದು. ದಿನವೂ ಅದೇ ದಾರಿಯಲ್ಲಿ ಹೋಗುವವನು ಎಷ್ಟು ದಿನ ಹೆದರಿಯಾನೆಂಬುದು ಬೇರೆ ಮಾತು. ಹೆದ್ದಾರಿಯ ದಾರಿಹೋಕನಿಗೆ ಸಲ್ಲುವ ಉಪಾಯ ಸೊಸೈಟಿಯ ನಿವಾಸಿಗೆ ಸಲ್ಲದೆಂದೇ ನನಗೆ ತೋರುತ್ತದೆ. ಅಹಮದಾಬಾದಿನ ಹಳೆಯ ಪೋಳುಗಳಿಗಾದರೆ ಬಣ್ಣವೂ ಬೇಡ, ಉಬ್ಬೂ ಬೇಡ. ಒಂದು ತಿರುವು, ಒಂದು ಓಟ್ಲೆ, ಅಡ್ಡ ಮಲಗಿದ ಒಂದು ಹಸು ಇಷ್ಟರಲ್ಲೇ ಎಂತಹವನ ವೇಗವೂ ಇಳಿಯುತ್ತದೆ.

ಮಳೆಗಾಲದಲ್ಲಿ ಬೇರೊಂದು ಎಚ್ಚರ ಬೇಕು. ಉಬ್ಬುಗಳು ಅಣೆಕಟ್ಟಿನಂತೆ ನೀರು ನಿಲ್ಲಿಸುತ್ತವೆ. ನಿಂತ ನೀರಿನಲ್ಲಿ ಡಾಂಬರು ಕಿತ್ತು, ಉಬ್ಬಿನ ಬುಡದಲ್ಲೇ ಹಳ್ಳ ಬೀಳುತ್ತದೆ. ಹತ್ತು ಸೆಂಟಿಮೀಟರಿನ ಉಬ್ಬಿನ ಪಕ್ಕದಲ್ಲಿ ಐದು ಸೆಂಟಿಮೀಟರಿನ ಹಳ್ಳವಿದ್ದರೆ ಕಾರಿನ ಪಾಲಿಗೆ ಅದು ಹದಿನೈದರ ಉಬ್ಬೇ.

ಈಗ ವಡೋದರೆಯ ತಂದೆಮಕ್ಕಳ ನ್ಯಾಯ. ಮೊದಲು ಮಗನಿಗೆ. ಅಪ್ಪಾ, ಕಾರಿನ ರಚನೆಯನ್ನು ತಯಾರಕರು ಮಾಡಿದ್ದಕ್ಕಿಂತ ಬೇರೆಯಾಗುವಂತೆ ಮಾರ್ಪಡಿಸಬಾರದೆಂದು ಮೋಟಾರು ವಾಹನ ಕಾಯಿದೆಯ ೫೨ನೆಯ ವಿಧಿ ಹೇಳುತ್ತದೆ. ೨೦೧೯ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನೇ ಬಲವಾಗಿ ಎತ್ತಿ ಹಿಡಿದಿದೆ. ಗ್ಯಾಸಿನ ಸಿಲಿಂಡರು ಹಾಕಿಸಿದರೆ ಆರ್.ಟಿ.ಓ. ಪುಸ್ತಕದಲ್ಲಿ ಬರೆಸಿಕೊಳ್ಳಲು ದಾರಿಯಿದೆ. ಗಿಡ್ಡ ಸ್ಪ್ರಿಂಗಿಗೆ ಅಂಥ ಸುಲಭದ ದಾರಿಯಿಲ್ಲ. ಅಪಘಾತವಾದ ದಿನ ವಿಮೆಯವರು ಮೊದಲು ಬಗ್ಗಿ ನೋಡುವುದೂ ಅಲ್ಲೇ. ಸ್ಪ್ರಿಂಗನ್ನು ಗರಗಸದಿಂದ ಕತ್ತರಿಸಿದ್ದರಂತೂ ಅಪಾಯ ಬಹಳ. ಚಕ್ರ ಪೂರ್ತಿ ಜೋತಾಗ ಸ್ಪ್ರಿಂಗು ತನ್ನ ಗೂಡಿನಿಂದಲೇ ಕಳಚೀತು. ಹಳೆಯ ಸ್ಪ್ರಿಂಗುಗಳು ಮಾಳಿಗೆಯಲ್ಲಿ ಇದ್ದರೆ ಹಾಕಿಸಿಬಿಡು. ತಂದೆಯವರಿಗೂ ಒಂದು ಮಾತು. ಮಗನ ಕಾರು ಮೇಲೆದ್ದ ಮಾತ್ರಕ್ಕೆ ಆ ಮೂರು ಉಬ್ಬುಗಳು ಸರಿಯಾದುವೆಂದು ತಿಳಿಯಬೇಡಿ. ತಾವು ಬರೆದಿರುವ ವರ್ಣನೆಯಿಂದ ಅವು ಒನಕೆಗಳೇ ಎಂದು ನನಗೆ ಗುಮಾನಿ. ಆಯುಧಪೂಜೆಯ ದಿನ ಊರಿನಿಂದ ಬಂದ ತಮ್ಮ ಭಾವಮೈದುನರ ಕಾರೂ ಅಲ್ಲಿ ಉಜ್ಜಿತೆಂದು ತಾವೇ ಬರೆದಿದ್ದೀರಲ್ಲ! ದಾರ, ಇಟ್ಟಿಗೆ ಹಿಡಿದು ಮಗನನ್ನೂ ಕರೆದುಕೊಂಡು ಅಳೆಯಿರಿ, ಮುಂದಿನ ಸಭೆಗೆ ಇಬ್ಬರೂ ಹೋಗಿ.

ಊರಿನ ದಾರಿಯ ವಿಷಯ ಕೇಳಿದವರೂ ಇಬ್ಬರು ಮೂವರಿದ್ದಾರೆ. ಅಹಮದಾಬಾದು, ವಡೋದರೆ, ಸೂರತ್ತುಗಳನ್ನು ಒಂದೇ ದಾರದಲ್ಲಿ ಪೋಣಿಸಿಕೊಂಡು, ಮುಂಬಯಿ, ಪುಣೆ, ಕೊಲ್ಹಾಪುರಗಳ ಮೇಲೆ ಬೆಳಗಾವಿ, ಹುಬ್ಬಳ್ಳಿ, ದಾವಣಗೆರೆ, ತುಮಕೂರು ದಾಟಿ ಬೆಂಗಳೂರಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ ೪೮ರಲ್ಲಿ ಕಾರಿನ ಹೊಟ್ಟೆಗೆ ಅಷ್ಟಾಗಿ ಭಯವಿಲ್ಲ. ಭಯವಿರುವುದು ಹೆದ್ದಾರಿ ಬಿಟ್ಟು ನಮ್ಮ ನಮ್ಮ ಹಳ್ಳಿಗಳ ಕಡೆ ತಿರುಗಿದ ಮೇಲೆ, ಶಾಲೆಯ ಮುಂದೆ ಒಂದು, ದೇವಸ್ಥಾನದ ಮುಂದೆ ಒಂದು, ಪಂಚಾಯಿತಿ ಸದಸ್ಯರ ಮನೆಯ ಮುಂದೆ ಎರಡು ಎಂಬ ಲೆಕ್ಕದಲ್ಲಿ. ಸಾವಿರದ ಮೇಲೆ ಕಿಲೋಮೀಟರು ಬಂದ ದಣಿವಿನಲ್ಲಿ, ಮನೆ ಕಾಣುತ್ತಿದೆಯೆಂಬ ಆತುರದಲ್ಲಿ, ಕತ್ತಲೆಯಲ್ಲಿ ಅವು ಎದುರಾಗುತ್ತವೆ. ಸಿಲಿಂಡರನ್ನೂ ಸೀರೆಯ ಗಂಟನ್ನೂ ನೆನೆದು ಅಲ್ಲಿ ನಿಧಾನಿಸಿ.

ವಾಚಕರು ತಮ್ಮ ತಮ್ಮ ಸೊಸೈಟಿಯ ಉಬ್ಬುಗಳ ಅಗಲ, ಎತ್ತರ, ಬಣ್ಣ ಉಂಟೋ ಇಲ್ಲವೋ ಎಂಬುದನ್ನು ಒಂದು ಕಾರ್ಡಿನಲ್ಲಿ ಬರೆದು ಸಂಘದ ಕಚೇರಿಗೆ ಕಳಿಸಿದರೆ, ಮೂರು ಊರುಗಳದನ್ನೂ ಪಟ್ಟಿ ಮಾಡಿ ಮುಂದಿನ ಸಂಚಿಕೆಯಲ್ಲಿ ಅಚ್ಚು ಹಾಕಿಸೋಣ. ಅಳತೆ ಮಾಡಿದ ಮಕ್ಕಳ ಹೆಸರು, ತರಗತಿಯನ್ನೂ ಬರೆಯಿರಿ.